ತಾರಸಿಯ ಮೇಲಿನ ಕರೆಂಟು



ನಿಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ರಸ್ತೆ ಪಕ್ಕದಲ್ಲಿ ಒಂದಂತಸ್ತಿನ ಕಟ್ಟಡ. ಜಗಲಿಯಲ್ಲಿ ಸಿಮೆಂಟಿನ ಬೆಂಚು. ಒಳಗೆ ಡಾಕ್ಟರ ಕೋಣೆ, ಮಾತ್ರೆ ಕೊಡುವ ಕಿಟಕಿ, ರಕ್ತ ಪರೀಕ್ಷೆಯ ಚಿಕ್ಕ ಲ್ಯಾಬು. ಹಿಂಭಾಗದಲ್ಲಿ, ಬಾಗಿಲಿಗೆ ಪರದೆ ಎಳೆದ ಹೆರಿಗೆ ಕೋಣೆ. ಬಯಲುಸೀಮೆಯಲ್ಲಿ ಇಂಥ ಒಂದು ಕಟ್ಟಡವನ್ನು ಸುಮಾರು 30,000 ಜನ ನಂಬಿಕೊಂಡಿರುತ್ತಾರೆ. ಗುಡ್ಡಗಾಡಿನಲ್ಲಾದರೆ 20,000. ಈ ಕಟ್ಟಡಕ್ಕೊಂದು ತಾರಸಿ ಇದೆ. ಅದರ ಮೇಲೆ ವರ್ಷದ ಬಹುಪಾಲು ದಿನ ಬಿಸಿಲು ಬೀಳುತ್ತದೆ. ಆ ಬಿಸಿಲಿಗೂ ಕೆಳಗಿನ ಹೆರಿಗೆ ಕೋಣೆಗೂ ಇರಬೇಕಾದ ಸಂಬಂಧದ ಬಗ್ಗೆ ಈ ಹೊತ್ತು ಮಾತಾಡುತ್ತೇನೆ.

ಮೊದಲು ಹೆರಿಗೆ ಕೋಣೆಗೇ ಹೋಗೋಣ. ರಾತ್ರಿ ಎರಡು ಗಂಟೆ ಎಂದಿಟ್ಟುಕೊಳ್ಳಿ. ಡ್ಯೂಟಿಯಲ್ಲಿ ಒಬ್ಬರೇ ಸ್ಟಾಫ್ ನರ್ಸ್. ಜೊತೆಗೆ ಆಶಾ ಕಾರ್ಯಕರ್ತೆ. ತಾಯಿಗೆ ನೋವು ಜೋರಾಗಿದೆ. ಕೂಸಿನ ತಲೆ ಕಾಣಿಸುತ್ತಿದೆ. ಹೊರಗೆ ಗಾಳಿ ಎದ್ದಿತು. ಕರೆಂಟು ಹೋಯಿತು.

ಆ ಕೋಣೆಯಲ್ಲಿ ಮುಂದಿನ ಕೆಲವು ನಿಮಿಷ ಏನೇನು ಬೇಕು, ನೋಡಿ. ಹುಟ್ಟಿದ ಕೂಸು ಒಂದು ನಿಮಿಷದೊಳಗೆ ಉಸಿರಾಡಬೇಕು. ಆಡದಿದ್ದರೆ ನರ್ಸ್ ಮೊದಲು ಅದರ ಎದೆಯ ಏರಿಳಿತ ನೋಡಬೇಕು, ಮೈಬಣ್ಣ ನೋಡಬೇಕು. ನೋಡಲು ಬೆಳಕು ಬೇಕು. ಬಾಯಿ ಮೂಗಿನಲ್ಲಿ ನೀರು ಕಟ್ಟಿಕೊಂಡಿದ್ದರೆ ಹೀರಿ ತೆಗೆಯಬೇಕು. ಹೀರುವ ಯಂತ್ರಕ್ಕೆ ಕರೆಂಟು ಬೇಕು. ಒದ್ದೆ ಮೈಯ ಕೂಸು ಬಲುಬೇಗ ತಣ್ಣಗಾಗುತ್ತದೆ. ಅದರ ಮೈಬಿಸಿ 36.5 ಡಿಗ್ರಿಗಿಂತ ಕೆಳಗಿಳಿಯಬಾರದು. ಅದಕ್ಕೇ ಅಲ್ಲಿ ವಾರ್ಮರ್ ಇರುವುದು. ತೊಟ್ಟಿಲಿನಂಥ ಮಂಚ, ಅದರ ಮೇಲ್ಗಡೆ ಕೆಂಪಗೆ ಕಾಯುವ ಸಲಾಕೆ. ಅದೂ ಕರೆಂಟಿನದೇ.

ಇತ್ತ ತಾಯಿ. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಹೋಗುವುದೇ ತಾಯಂದಿರ ಸಾವಿಗೆ ದೊಡ್ಡ ಕಾರಣ. ಎಲ್ಲಿ ಹರಿದಿದೆ, ಎಲ್ಲಿಂದ ರಕ್ತ ಬರುತ್ತಿದೆ ಎಂದು ಕಂಡರೆ ಮಾತ್ರ ಹೊಲಿಗೆ ಹಾಕಲು ಸಾಧ್ಯ. ಒಂದು ಕೈಯಲ್ಲಿ ಮೊಬೈಲ್ ಹಿಡಿದು ಇನ್ನೊಂದು ಕೈಯಲ್ಲಿ ಹೊಲಿಯಲಾಗುವುದಿಲ್ಲ. ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲಲೆಂದು ಕೊಡುವ ಇಂಜೆಕ್ಷನ್ ಆಕ್ಸಿಟೋಸಿನ್. ಈ ಔಷಧವನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಸೆಕೆಯಲ್ಲಿ ದಿನಗಟ್ಟಲೆ ಇಟ್ಟರೆ ಅದರ ಶಕ್ತಿ ಕುಂದುತ್ತದೆ. ಸೀಸೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನರ್ಸ್ ಸರಿಯಾದ ಹೊತ್ತಿಗೆ ಸರಿಯಾದ ಇಂಜೆಕ್ಷನ್ ಕೊಟ್ಟಿರುತ್ತಾರೆ. ಆದರೂ ರಕ್ತ ನಿಲ್ಲುವುದಿಲ್ಲ. ಕಾರಣ ಹಿಂದಿನ ವಾರ ಹೋಗಿದ್ದ ಕರೆಂಟು ಆಗಿರಬಹುದು.

ಬೆಳಕು, ಬಿಸಿ, ತಂಪು. ಹೆರಿಗೆ ಕೋಣೆಗೆ ಈ ಮೂರೂ ಬೇಕು, ಮೂರೂ ಬರುವುದು ಕರೆಂಟಿನಿಂದ. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡು ಲಸಿಕೆಯ ಕಡೆಗೆ ಬನ್ನಿ.

ಲಸಿಕೆ ಇಡುವ ಪೆಟ್ಟಿಗೆ ನಮ್ಮ ಮನೆಯ ಫ್ರಿಜ್ಜಿನಂಥದಲ್ಲ. ಬಾಗಿಲು ಮೇಲಕ್ಕೆ ತೆರೆಯುತ್ತದೆ. ಒಳಗೋಡೆಯ ಸುತ್ತ ಮಂಜುಗಡ್ಡೆಯ ಪದರ ಇರುತ್ತದೆ. ಆರೋಗ್ಯ ಕೇಂದ್ರದವರು ಇದನ್ನು ಐಎಲ್‌ಆರ್ ಎನ್ನುತ್ತಾರೆ. ಒಳ್ಳೆಯ ಪೆಟ್ಟಿಗೆ ಇದು. ದಿನಕ್ಕೆ ಎಂಟು ಗಂಟೆ ಕರೆಂಟು ಸಿಕ್ಕರೂ ಸಾಕು, ತಂಪು ಕಾಪಾಡಿಕೊಳ್ಳುತ್ತದೆ. ಪಕ್ಕದಲ್ಲೇ ಒಂದು ಪುಸ್ತಕ ಇರುತ್ತದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಥರ್ಮಾಮೀಟರ್ ನೋಡಿ ಅದರಲ್ಲಿ ಬರೆಯಬೇಕು. ಲಸಿಕೆಯ ಎಷ್ಟೋ ಸೀಸೆಗಳ ಮೇಲೆ ಒಂದು ಗುರುತು ಇರುತ್ತದೆ. ಒಂದು ವೃತ್ತ, ಅದರೊಳಗೆ ಬಿಳಿ ಚೌಕ. ಬಿಸಿ ತಾಗಿದಷ್ಟೂ ಚೌಕ ಕಪ್ಪೇರುತ್ತ ಹೋಗುತ್ತದೆ. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಬಂತೆಂದರೆ ಆ ಲಸಿಕೆಯನ್ನು ಬಳಸುವಂತಿಲ್ಲ. ಕೂಸಿಗೆ ಲಸಿಕೆ ಹಾಕಿಸುವಾಗ ಸಿಸ್ಟರನ್ನು ಕೇಳಿ, ತೋರಿಸುತ್ತಾರೆ.

ಆದರೆ ಈ ಗುರುತು ಬಿಸಿಯನ್ನು ಮಾತ್ರ ಹೇಳುತ್ತದೆ. ಪೆಂಟಾವೇಲೆಂಟ್, ಟಿಡಿಯಂಥ ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಅದನ್ನು ಗುರುತು ಹೇಳುವುದಿಲ್ಲ. ಹಾಗಾಗಿ ತಂಪು ಕಡಿಮೆಯೂ ಆಗಬಾರದು, ಹೆಚ್ಚೂ ಆಗಬಾರದು. ಬಂದು ಹೋಗುವ, ಏರಿ ಇಳಿಯುವ ಕರೆಂಟಿನಲ್ಲಿ ಇದನ್ನು ಕಾಯುವುದು ಕಷ್ಟದ ಕೆಲಸ. ಅದನ್ನು ನಮ್ಮ ಸಿಬ್ಬಂದಿ ಬೇಸಿಗೆ ಮಳೆಗಾಲ ಎನ್ನದೆ ಮಾಡಿಕೊಂಡು ಬಂದಿದ್ದಾರೆ. ಇದನ್ನು ಗೌರವದಿಂದ ಹೇಳುತ್ತಿದ್ದೇನೆ.

ಇಲ್ಲಿ ನಿಮಗೊಂದು ಪ್ರಶ್ನೆ ಬಂದಿರಬಹುದು. ಈಗ ಎಲ್ಲ ಊರಿಗೂ ಕರೆಂಟು ಬಂದಿದೆಯಲ್ಲ?

ಬಂದಿದೆ. ದೇಶದ ಎಲ್ಲ ಹಳ್ಳಿಗಳಿಗೂ ವಿದ್ಯುತ್ ತಲುಪಿತೆಂದು 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಘೋಷಿಸಿತು. ಕಂಬ ಬಂತು, ತಂತಿ ಬಂತು. ಅದು ಸಣ್ಣ ಕೆಲಸವಲ್ಲ. ಆದರೆ ಆಸ್ಪತ್ರೆಗೆ ಬೇಕಾದ ಲೆಕ್ಕ ಬೇರೆ. ದಿನಕ್ಕೆ 20 ಗಂಟೆ ಕರೆಂಟು ಇದ್ದರೆ ಮನೆಯಲ್ಲಿ ಸಮಾಧಾನ. ಹೆರಿಗೆ ಕೋಣೆಗೆ ಉಳಿದ ನಾಲ್ಕು ಗಂಟೆಯೂ ಬೇಕು. ನೋವು ಲೋಡ್ ಶೆಡ್ಡಿಂಗಿನ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ. ಇದ್ದ ಕರೆಂಟಿನಲ್ಲೂ ವೋಲ್ಟೇಜ್ ಇಲ್ಲದಿದ್ದರೆ ವಾರ್ಮರ್ ಕಾಯುವುದಿಲ್ಲ. ಒಮ್ಮೆಲೇ ಏರಿದರೆ ಯಂತ್ರವೇ ಸುಟ್ಟುಹೋಗುತ್ತದೆ. ಇನ್ನು ಜನರೇಟರ್. ಅದಕ್ಕೆ ಡೀಸೆಲ್ ಬೇಕು, ಡೀಸೆಲಿಗೆ ದುಡ್ಡು ಬೇಕು, ರಾತ್ರಿ ಎರಡು ಗಂಟೆಗೆ ಎದ್ದು ಅದನ್ನು ಶುರು ಮಾಡುವ ಆಳು ಬೇಕು.

ಇದು ನಮ್ಮ ನಾಡಿನ ಕಷ್ಟ ಮಾತ್ರ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ, ವಿಶ್ವ ಬ್ಯಾಂಕ್ ಮೊದಲಾದವು ಸೇರಿ 2023ರ ಆರಂಭದಲ್ಲಿ ಒಂದು ವರದಿ ಪ್ರಕಟಿಸಿದವು. ಬಡ ಮತ್ತು ಕೆಳ ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು 100 ಕೋಟಿ ಜನ ನಂಬಿರುವ ಆಸ್ಪತ್ರೆಗಳಲ್ಲಿ ಒಂದೋ ಕರೆಂಟಿಲ್ಲ, ಇಲ್ಲವೇ ನೆಚ್ಚಿಕೊಳ್ಳುವಂಥ ಕರೆಂಟಿಲ್ಲ. ಇದು ಆ ವರದಿಯ ಅಂದಾಜು. ಪ್ರಪಂಚದ ಎಂಟು ಜನರಲ್ಲಿ ಒಬ್ಬರು ಎಂದು ಲೆಕ್ಕ ಹಿಡಿಯಿರಿ.

ಸರಿ. ತಂತಿಯ ಕರೆಂಟು ಬೇಕು, ಆದರೆ ಆಸ್ಪತ್ರೆಗೆ ಅದೊಂದೇ ಸಾಲದು. ಇಲ್ಲಿಯವರೆಗೆ ನಾನು ಹೇಳಿದ್ದು ಇಷ್ಟು. ಇನ್ನು ತಾರಸಿಯ ಮಾತು.

ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕಿನ ಬಗ್ಗೆ ನೀವೆಲ್ಲ ಕೇಳಿದ್ದೀರಿ. ಸುಮಾರು 13,000 ಎಕರೆ ನೆಲ. ಕಣ್ಣು ಹಾಯುವಷ್ಟು ದೂರ ಸಾಲುಸಾಲು ಫಲಕಗಳು. ಸಾಮರ್ಥ್ಯ 2,000 ಮೆಗಾವಾಟಿನಷ್ಟು. ಅಲ್ಲಿ ಹುಟ್ಟಿದ ಕರೆಂಟು ದೊಡ್ಡ ಗೋಪುರಗಳ ತಂತಿ ಹತ್ತಿ ಎಲ್ಲೆಲ್ಲಿಗೋ ಹೋಗುತ್ತದೆ. ನಾಡಿಗೆ ಅದು ಬೇಕು. ಆದರೆ ನಿಮ್ಮೂರಿನ ಆಸ್ಪತ್ರೆಗೆ ಬರುವ ಕೊನೆಯ ಕಂಬದ ಮೇಲೆ ಮರ ಬಿದ್ದರೆ, ಪಾವಗಡದಲ್ಲಿ ಎಷ್ಟು ಬಿಸಿಲಿದ್ದರೂ ಇಲ್ಲಿ ಕತ್ತಲೆಯೇ. ತಾರಸಿಯ ಸೋಲಾರ್ ಹಾಗಲ್ಲ. ಹುಟ್ಟಿದಲ್ಲೇ ಖರ್ಚಾಗುತ್ತದೆ. ಫಲಕದಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಇನ್ವರ್ಟರಿಗೆ, ಅಲ್ಲಿಂದ ಹೆರಿಗೆ ಕೋಣೆಯ ದೀಪಕ್ಕೆ. ನಡುವೆ ಮೂವತ್ತು ನಲವತ್ತು ಅಡಿ ತಂತಿ, ಅಷ್ಟೆ. ಹಿಂದೆ ಮನೆಮನೆಯ ಅಂಗಳದಲ್ಲಿ ಜೋಳ ತುಂಬಿಟ್ಟ ಹಗೇವು ಇರುತ್ತಿತ್ತಲ್ಲ, ಬ್ಯಾಟರಿ ಆಸ್ಪತ್ರೆಗೆ ಹಾಗೆ.

ಇದನ್ನು ವಿಕೇಂದ್ರೀಕೃತ ವ್ಯವಸ್ಥೆ ಎನ್ನುತ್ತಾರೆ. ಇದರ ಬೆಲೆ ನಮಗೆ ಚೆನ್ನಾಗಿ ಗೊತ್ತಾಗುವುದು ಆಪತ್ತಿನ ಕಾಲದಲ್ಲಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿಯಿತು. ಮರುವರ್ಷ ಅದೇ ತಿಂಗಳು ಕೃಷ್ಣೆ, ಮಲಪ್ರಭೆಗಳು ಉಕ್ಕಿ ಉತ್ತರ ಕರ್ನಾಟಕದ ಊರುಗಳಿಗೆ ನುಗ್ಗಿದವು. ಅಂಥ ದಿನಗಳಲ್ಲಿ ಮೊದಲು ಬೀಳುವುದು ಕಂಬ. ಗಾಯಾಳುಗಳು ಆಸ್ಪತ್ರೆಗೆ ಬರುವುದೂ ಆಗಲೇ.

ಹುಟ್ಟಿದಲ್ಲೇ ಖರ್ಚಾಗುವ ಈ ಕರೆಂಟು ಎಷ್ಟು ಚಿಕ್ಕದಾಗಿ ಶುರುವಾಗಬಹುದು ಎನ್ನಲು ದೂರದ ಒಂದು ಊರಿನ ಕಥೆ ಹೇಳುತ್ತೇನೆ. ಲಾರಾ ಸ್ಟಾಚೆಲ್ ಅಮೆರಿಕದ ಕ್ಯಾಲಿಫೋರ್ನಿಯಾದ ಹೆರಿಗೆ ವೈದ್ಯೆ. ತಾಯಂದಿರ ಸಾವಿನ ಬಗ್ಗೆ ಅಧ್ಯಯನ ಮಾಡಲು 2008ರಲ್ಲಿ ಆಫ್ರಿಕಾದ ನೈಜೀರಿಯಾಕ್ಕೆ ಹೋದರು. ಆ ದೇಶದ ಉತ್ತರ ಭಾಗದ ಒಂದು ಸರ್ಕಾರಿ ಆಸ್ಪತ್ರೆ. ಅಲ್ಲಿ ಡಾಕ್ಟರಿಗೂ ನರ್ಸುಗಳಿಗೂ ಕೆಲಸ ಗೊತ್ತಿತ್ತು. ನೆಚ್ಚಿಕೊಳ್ಳುವಂಥ ಕರೆಂಟು ಇರಲಿಲ್ಲ. ಒಂದು ಸಿಸೇರಿಯನ್ ನಡೆಯುತ್ತಿದ್ದಾಗಲೇ ದೀಪ ಆರಿತು. ಆಕೆಯ ಕೈಯಲ್ಲಿದ್ದ ಟಾರ್ಚಿನ ಬೆಳಕಿನಲ್ಲಿ ಶಸ್ತ್ರಕ್ರಿಯೆ ಮುಗಿಯಿತು. ಆಕೆಯ ಗಂಡ ಹ್ಯಾಲ್ ಆರನ್ಸನ್ ಸೋಲಾರ್ ವಿದ್ಯೆ ಕಲಿಸುವವರು. ಆ ಆಸ್ಪತ್ರೆಗೆಂದು ಅವರು ಒಂದು ಸೋಲಾರ್ ವ್ಯವಸ್ಥೆಯ ನಕ್ಷೆ ಹಾಕಿದರು. ಅದು ಹೇಗಿರುತ್ತದೆಂದು ತೋರಿಸಲು ಒಂದು ಪೆಟ್ಟಿಗೆಯಲ್ಲಿ ಚಿಕ್ಕ ಮಾದರಿ ಮಾಡಿಕೊಟ್ಟರು. ಪೆಟ್ಟಿಗೆ ನೋಡಿದ ಸಿಬ್ಬಂದಿ, ಇದನ್ನು ಇಲ್ಲೇ ಬಿಟ್ಟುಹೋಗಿ ಎಂದರು. ಸುತ್ತಮುತ್ತಲಿನ ಚಿಕ್ಕ ಆಸ್ಪತ್ರೆಗಳವರೂ ನಮಗೊಂದು ಕೊಡಿ ಎಂದರು. ಹಳದಿ ಬಣ್ಣದ ಆ ಸೋಲಾರ್ ಸೂಟ್‌ಕೇಸ್ ಇಂದು ಆಫ್ರಿಕಾ, ಏಷ್ಯಾದ ಹಲವು ದೇಶಗಳ ಹೆರಿಗೆ ಕೋಣೆಗಳಲ್ಲಿದೆ. ಅದರಲ್ಲಿ ಇರುವುದು ಕೆಲವು ಎಲ್‌ಇಡಿ ದೀಪ, ತಲೆಗೆ ಕಟ್ಟಿಕೊಳ್ಳುವ ದೀಪ, ಫೋನ್ ಚಾರ್ಜ್ ಮಾಡುವ ಜಾಗ, ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಕೇಳಿಸುವ ಪುಟ್ಟ ಯಂತ್ರ. ಇಷ್ಟೇ.

ಒಂದು ಹೆರಿಗೆ ಕೋಣೆಯ ಕತ್ತಲೆ ಹೋಗಲಾಡಿಸಲು ಒಂದು ಪೆಟ್ಟಿಗೆ ಸಾಕು ಎಂಬುದನ್ನು ಕೇಳಿದಿರಿ. ಹಾಗಾದರೆ ಇಡೀ ಆರೋಗ್ಯ ಕೇಂದ್ರಕ್ಕೆ ಎಷ್ಟು ಬೇಕು? ಕೈಬೆರಳಲ್ಲೇ ಲೆಕ್ಕ ಹಾಕೋಣ.

ಹತ್ತು ಹನ್ನೆರಡು ಎಲ್‌ಇಡಿ ದೀಪಗಳಿಗೆ ದಿನಕ್ಕೆ ಸುಮಾರು ಒಂದು ಯೂನಿಟ್. ಲಸಿಕೆಯ ಪೆಟ್ಟಿಗೆಗೆ ಒಂದೂವರೆ ಎರಡು ಯೂನಿಟ್. ವಾರ್ಮರ್ ಒಂದು ಹೆರಿಗೆಗೆ ಎರಡು ಗಂಟೆ ನಡೆದರೆ ಒಂದು ಯೂನಿಟ್‌ಗೆ ಸ್ವಲ್ಪ ಹೆಚ್ಚು. ಕಂಪ್ಯೂಟರ್, ಮೈಕ್ರೋಸ್ಕೋಪ್, ಹೀರುವ ಯಂತ್ರ ಎಲ್ಲ ಸೇರಿ ಇನ್ನೊಂದು. ಉಳಿದದ್ದು ಫ್ಯಾನು. ಹಳೆಯ ಫ್ಯಾನು 75 ವಾಟ್ ತಿನ್ನುತ್ತದೆ. ಈಗ ಬಂದಿರುವ ಬಿಎಲ್‌ಡಿಸಿ ಫ್ಯಾನಿಗೆ 30 ವಾಟ್ ಸಾಕು. ಆರು ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ಹಳೆಯವಕ್ಕೆ ಐದು ಯೂನಿಟ್‌ಗೂ ಮೇಲೆ, ಹೊಸವಕ್ಕೆ ಎರಡು. ಒಟ್ಟು ಏಳೆಂಟು ಯೂನಿಟ್. ನಮ್ಮ ಬಿಸಿಲಿನಲ್ಲಿ ಎರಡು ಕಿಲೋವಾಟಿನ ಫಲಕಗಳು ಒಳ್ಳೆಯ ದಿನ ಕೊಡುವುದೂ ಸರಿಸುಮಾರು ಅಷ್ಟೇ.

ಈ ಲೆಕ್ಕದಲ್ಲಿ ನಾನು ಒಂದನ್ನು ಬಿಟ್ಟಿದ್ದೇನೆ. ಉಪಕರಣಗಳನ್ನು ಬೇಯಿಸಿ ಶುದ್ಧ ಮಾಡುವ ಆಟೋಕ್ಲೇವ್. ಅದು ಒಂದೂವರೆ ಎರಡು ಕಿಲೋವಾಟ್ ಎಳೆಯುತ್ತದೆ. ಅದನ್ನು ರಾತ್ರಿ ಬ್ಯಾಟರಿಯ ಮೇಲೆ ಹಾಕಬಾರದು. ತಂತಿಯ ಕರೆಂಟು ಇದ್ದಾಗ, ಇಲ್ಲವೇ ನಡುಹಗಲ ಬಿಸಿಲಿನಲ್ಲಿ ನಡೆಸಬೇಕು. ಯಾವುದು ಸೋಲಾರ್ ಲೈನಿಗೆ, ಯಾವುದು ಮಾಮೂಲಿ ಲೈನಿಗೆ ಎಂದು ವಿಂಗಡಿಸುವುದು ಫಲಕ ಕೂರಿಸುವಷ್ಟೇ ಮುಖ್ಯವಾದ ಕೆಲಸ. ಸ್ವಿಚ್‌ಬೋರ್ಡಿನ ಬಣ್ಣವೇ ಬೇರೆ ಮಾಡಿದರೆ ಹೊಸದಾಗಿ ಬಂದ ಸಿಬ್ಬಂದಿಗೂ ತಿಳಿಯುತ್ತದೆ.

ಬ್ಯಾಟರಿಯೇ ಬೇಡದ ಲಸಿಕೆ ಪೆಟ್ಟಿಗೆಯೂ ಬಂದಿದೆ. ಹಗಲಿನ ಬಿಸಿಲಿನಿಂದ ಒಳಗಿನ ನೀರು ಮಂಜುಗಡ್ಡೆಯಾಗುತ್ತದೆ. ಮಂಜುಗಡ್ಡೆ ರಾತ್ರಿಯೆಲ್ಲ ತಂಪು ಕಾಯುತ್ತದೆ. ಬಿಸಿಲೇ ಇಲ್ಲದಿದ್ದರೂ ಕನಿಷ್ಠ ಮೂರು ದಿನ ತಡೆಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಕಂಬವೇ ಇಲ್ಲದ ಕಡೆಗಳಿಗೆ ಇದು ಹೇಳಿ ಮಾಡಿಸಿದ್ದು.

ಇದೆಲ್ಲ ಕಾಗದದ ಲೆಕ್ಕವೇ, ಎಲ್ಲಿಯಾದರೂ ನಡೆದಿದೆಯೇ? ನಮ್ಮ ದೇಶದಲ್ಲೇ ನಡೆದಿದೆ.

ಛತ್ತೀಸ್‌ಗಢದಲ್ಲಿ ಕಾಡು ಹೆಚ್ಚು. ಅಲ್ಲಿ ಕ್ರೆಡಾ ಎಂಬ ಸರ್ಕಾರಿ ಸಂಸ್ಥೆಯೊಂದಿದೆ. 2012ರಿಂದ ಮುಂದಿನ ನಾಲ್ಕೈದು ವರ್ಷಗಳಲ್ಲಿ ಅದು 500ಕ್ಕೂ ಹೆಚ್ಚು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೇಲೆ ಎರಡೆರಡು ಕಿಲೋವಾಟಿನ ಸೋಲಾರ್ ಕೂರಿಸಿತು. 2017ರಲ್ಲಿ ದೆಹಲಿಯ ಸಿಇಇಡಬ್ಲ್ಯು ಎಂಬ ಅಧ್ಯಯನ ಸಂಸ್ಥೆ ಅಲ್ಲಿನ ಸುಮಾರು 150 ಕೇಂದ್ರಗಳನ್ನು ನೋಡಿಬಂದು ವರದಿ ಬರೆಯಿತು. ಕರೆಂಟಿನ ಕೊರತೆ ಇದ್ದು ಸೋಲಾರ್ ಇಲ್ಲದ ಕೇಂದ್ರಗಳಿಗೆ ಹೋಲಿಸಿದರೆ, ಸೋಲಾರ್ ಇದ್ದ ಕೇಂದ್ರಗಳಲ್ಲಿ ತಿಂಗಳಿಗೆ ಆಗುವ ಹೆರಿಗೆಗಳು ಹತ್ತಿರಹತ್ತಿರ ಎರಡರಷ್ಟಿದ್ದವು. ಹೊರರೋಗಿಗಳ ಸಂಖ್ಯೆಯೂ ಒಂದೂವರೆ ಪಟ್ಟು. ಫಲಕ ಇಟ್ಟ ಮಾತ್ರಕ್ಕೆ ಹೀಗಾಯಿತೆಂದು ನಾನು ಹೇಳುವುದಿಲ್ಲ. ಡಾಕ್ಟರು ಇರಬೇಕು, ಔಷಧ ಇರಬೇಕು. ಆದರೆ ರಾತ್ರಿ ದೀಪ ಉರಿಯುವ ಆಸ್ಪತ್ರೆಗೆ ಹೆಣ್ಣುಮಕ್ಕಳನ್ನು ಕರೆತರುವ ಧೈರ್ಯ ಮನೆಯವರಿಗೆ ಬರುತ್ತದೆ. ಫ್ಯಾನು ತಿರುಗುವ, ನೀರಿನ ಮೋಟಾರು ನಡೆಯುವ ಕ್ವಾರ್ಟರ್ಸಿನಲ್ಲಿ ನರ್ಸ್ ಉಳಿದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಈ ಎರಡನೆಯದೇ ದೊಡ್ಡ ಲಾಭ. ಕ್ರೆಡಾ ಫಲಕ ಕೂರಿಸಿ ಕೈತೊಳೆದುಕೊಳ್ಳದೆ ಅವುಗಳ ಉಸ್ತುವಾರಿಯನ್ನೂ ವಹಿಸಿಕೊಂಡಿತು. ಈ ಮಾತಿಗೆ ನಾನು ಮತ್ತೆ ಬರುತ್ತೇನೆ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಹಳೆಯ ಬೇರು ಇದೆ. ಹರೀಶ್ ಹಂದೆ ಅವರು ಜೊತೆಗಾರರೊಂದಿಗೆ 1995ರಲ್ಲಿ ಸೆಲ್ಕೋ ಕಂಪನಿ ಕಟ್ಟಿದರು. ಬಡವರು ಸೋಲಾರ್ ಕೊಳ್ಳಲಾರರು, ಕೊಂಡರೂ ನೋಡಿಕೊಳ್ಳಲಾರರು ಎಂಬ ಮಾತನ್ನು ಅವರು ಒಪ್ಪಲಿಲ್ಲ. ಬ್ಯಾಂಕುಗಳಿಂದ ಸಾಲ ಕೊಡಿಸಿ, ಹತ್ತಿರದಲ್ಲೇ ರಿಪೇರಿಯವರನ್ನು ಇಟ್ಟು, ಕರಾವಳಿ ಮಲೆನಾಡುಗಳ ಮನೆಮನೆಗೆ ದೀಪ ಹಚ್ಚಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸೆಲ್ಕೋ ಫೌಂಡೇಶನ್ ಈಗ ಕೇಂದ್ರ ಆರೋಗ್ಯ ಸಚಿವಾಲಯದ ಜೊತೆಗೂಡಿ 12 ರಾಜ್ಯಗಳ 25,000 ಆರೋಗ್ಯ ಕೇಂದ್ರಗಳಿಗೆ ಸೋಲಾರ್ ಒದಗಿಸುವ ಗುರಿ ಇಟ್ಟುಕೊಂಡಿದೆ. ನಮ್ಮ ರಾಜ್ಯದಲ್ಲಿ ಇದರ ಹೆಸರು ಸೌರ ಸ್ವಾಸ್ಥ್ಯ. ಇಲ್ಲಿನ ಗುರಿ ಸುಮಾರು 5,000 ಕೇಂದ್ರಗಳು. ಅವುಗಳಲ್ಲಿ ಹಳ್ಳಿಯ ಉಪಕೇಂದ್ರಗಳೂ ಸೇರಿವೆ. ದೀಪ, ಫ್ಯಾನು, ಯಂತ್ರಗಳನ್ನೂ ಕಡಿಮೆ ಕರೆಂಟು ತಿನ್ನುವಂಥವನ್ನೇ ಆರಿಸಿದರೆ ಚಿಕ್ಕ ಫಲಕದಿಂದಲೇ ಕೆಲಸ ಆಗುತ್ತದೆ.

ಆಸ್ಪತ್ರೆಗೆ ಏಕೆ ಬೇಕು, ಎಷ್ಟು ಬೇಕು, ಎಲ್ಲಿ ಆಗಿದೆ, ಇಷ್ಟೂ ಹೇಳಿದ್ದಾಯಿತು. ಇನ್ನು ಕಷ್ಟಗಳ ಮಾತು. ಇದನ್ನು ಮುಚ್ಚಿಟ್ಟರೆ ಸೋಲಾರಿಗೇ ಕೆಟ್ಟ ಹೆಸರು.

ಒಂದು, ಮಳೆ. ಆಗುಂಬೆಯ ಕಡೆ, ಘಟ್ಟದ ಉದ್ದಕ್ಕೂ, ಜೂನ್‌ನಿಂದ ಆಗಸ್ಟ್‌ವರೆಗೆ ದಿನಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಮೋಡದಲ್ಲೂ ಫಲಕ ಸ್ವಲ್ಪ ಕರೆಂಟು ಕೊಡುತ್ತದೆ, ಆದರೆ ಸ್ವಲ್ಪ. ತಂತಿ ಕಡಿಯುವುದೂ ಅದೇ ತಿಂಗಳುಗಳಲ್ಲಿ. ಹಾಗಾಗಿ ಮಲೆನಾಡಿಗೆ ಬಯಲುಸೀಮೆಯ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಫಲಕವೂ ಹೆಚ್ಚು ಬೇಕು, ಬ್ಯಾಟರಿಯೂ ದೊಡ್ಡದು ಬೇಕು. ತಂತಿಯ ಕರೆಂಟು ಬಂದಾಗಲೆಲ್ಲ ಬ್ಯಾಟರಿ ಅದರಿಂದಲೂ ತುಂಬಿಕೊಳ್ಳುವಂತಿರಬೇಕು. ಬೀದರಿಗೂ ತೀರ್ಥಹಳ್ಳಿಗೂ ಒಂದೇ ಅಳತೆಯ ಟೆಂಡರು ಕರೆದರೆ ಮಲೆನಾಡಿನ ತಾಯಂದಿರಿಗೆ ಅನ್ಯಾಯವಾಗುತ್ತದೆ.

ಇನ್ನೊಂದು, ಬ್ಯಾಟರಿ. ಫಲಕ ಇಪ್ಪತ್ತೈದು ವರ್ಷ ಬಾಳುತ್ತದೆ. ಸಾಮಾನ್ಯ ಆಸಿಡ್ ಬ್ಯಾಟರಿ ಚೆನ್ನಾಗಿ ನೋಡಿಕೊಂಡರೆ ಐದಾರು ವರ್ಷ. ನೋಡಿಕೊಳ್ಳದಿದ್ದರೆ ಎರಡೇ ವರ್ಷ. ಹಿತ್ತಲ ಕೋಣೆಯಲ್ಲಿ ಸಾಲಾಗಿ ಇಟ್ಟಿರುವ ಆ ಕಪ್ಪು ಡಬ್ಬಗಳನ್ನು ನೀವು ನೋಡಿರಬಹುದು. ಒಂದೊಂದರ ಮೇಲೂ ಬೆರಳುದ್ದದ ಕೊಳವೆ, ಒಳಗೆ ತೇಲುವ ಕಡ್ಡಿ. ಕಡ್ಡಿ ಕೆಳಗಿಳಿದರೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಬಾವಿಯ ನೀರು, ನಲ್ಲಿ ನೀರು ಹಾಕುವಂತಿಲ್ಲ. ತುದಿಗಳಲ್ಲಿ ಬಿಳಿ ಹುಡಿ ಕಟ್ಟಿಕೊಂಡರೆ ಒರೆಸಿ ವ್ಯಾಸಲಿನ್ ಹಚ್ಚಬೇಕು. ಹತ್ತು ನಿಮಿಷದ ಕೆಲಸ. ಆದರೆ ಯಾರ ಕೆಲಸ? ನರ್ಸ್‌ ಅವರದಲ್ಲ, ಫಾರ್ಮಸಿಸ್ಟ್ ಅವರದಲ್ಲ, ವಿದ್ಯುತ್ ಕಂಪನಿಯದೂ ಅಲ್ಲ. ಯಾರದೂ ಅಲ್ಲದ ಕೆಲಸ ಆಗುವುದೇ ಇಲ್ಲ. ಧೂಳು ಕೂತ ಫಲಕ, ನೀರು ಆರಿದ ಬ್ಯಾಟರಿ, ಸೋಲಾರ್ ಲೈನಿಗೆ ಯಾರೋ ಚುಚ್ಚಿದ ವಾಟರ್ ಹೀಟರ್. ಒಳ್ಳೆಯ ವ್ಯವಸ್ಥೆಗಳು ಹಾಳಾಗುವುದು ಬಹುಪಾಲು ಹೀಗೇ. ಉದ್ಘಾಟನೆಯ ದಿನ ಎಲ್ಲವೂ ಉರಿಯುತ್ತದೆ. ಐದನೆಯ ವರ್ಷ ಹೊಸ ಬ್ಯಾಟರಿಗೆ ದುಡ್ಡು ಯಾವ ಲೆಕ್ಕಶೀರ್ಷಿಕೆಯಲ್ಲಿ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ನಾನು ಹೇಳಬೇಕೆಂದು ಬಂದದ್ದು ಇದನ್ನೇ. ಆರೋಗ್ಯ ಕೇಂದ್ರದಲ್ಲಿ ಕರೆಂಟನ್ನು ಔಷಧದ ಸಾಲಿಗೆ ಸೇರಿಸಬೇಕು. ಆಕ್ಸಿಟೋಸಿನ್ ಎಷ್ಟಿದೆ ಎಂದು ಸ್ಟಾಕ್ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಲಸಿಕೆಯ ತಾಪ ದಿನಕ್ಕೆರಡು ಸಲ ಬರೆಯುತ್ತಾರೆ. ಅದೇ ಕಟ್ಟುನಿಟ್ಟಿನಲ್ಲಿ ಬ್ಯಾಟರಿಯ ನೀರನ್ನೂ ಬರೆಯಬೇಕು. ಫಲಕ ತೊಳೆದ ತಾರೀಖು ಬರೆಯಬೇಕು. ಇದಕ್ಕೆ ಹೊಸ ಹುದ್ದೆ ಬೇಕಿಲ್ಲ. ಇರುವ ಸಿಬ್ಬಂದಿಯಲ್ಲಿ ಒಬ್ಬರ ಹೆಸರು ಬೇಕು, ಅವರಿಗೆ ಎರಡು ದಿನದ ತರಬೇತಿ ಬೇಕು, ತಾಲ್ಲೂಕಿನಲ್ಲಿ ಫೋನ್ ಎತ್ತುವ ಒಬ್ಬ ತಂತ್ರಜ್ಞ ಬೇಕು. ಹೊಸ ಬ್ಯಾಟರಿಯ ದುಡ್ಡನ್ನು ಮೊದಲ ವರ್ಷದಿಂದಲೇ ಎತ್ತಿಡಬೇಕು. ಛತ್ತೀಸ್‌ಗಢದ ಕ್ರೆಡಾ ಉಸ್ತುವಾರಿ ವಹಿಸಿಕೊಂಡಿತು ಎಂದೆನಲ್ಲ, ಅಲ್ಲಿಂದ ನಾವು ಕಲಿಯಬೇಕಾದ ಪಾಠ ಫಲಕದ್ದಲ್ಲ, ಈ ಉಸ್ತುವಾರಿಯದು.

ಕೇಳುಗರೇ, ಇದರಲ್ಲಿ ನಿಮಗೂ ಕೆಲಸವಿದೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಆರೋಗ್ಯ ರಕ್ಷಾ ಸಮಿತಿ ಇದೆ. ಊರಿನ ಪ್ರತಿನಿಧಿಗಳು ಅದರಲ್ಲಿರುತ್ತಾರೆ. ಸಮಿತಿಯ ಕೈಯಲ್ಲಿ ಚಿಕ್ಕಪುಟ್ಟ ಖರ್ಚಿಗೆ ಒಂದಿಷ್ಟು ಹಣವೂ ಇರುತ್ತದೆ. ಸೋಲಾರ್ ಇನ್ನೂ ಬಂದಿಲ್ಲವಾದರೆ, ಯಾವಾಗ ಬರುತ್ತದೆ ಎಂದು ಮುಂದಿನ ಸಭೆಯಲ್ಲಿ ಕೇಳಿಸಿ. ಬಂದಿದ್ದರೆ ಮೂರು ಮಾತು ಕೇಳಿ. ಬ್ಯಾಟರಿಗೆ ಕೊನೆಯ ಸಲ ನೀರು ಹಾಕಿದ್ದು ಯಾವಾಗ? ಹಾಕಿದವರು ಯಾರು? ಕೆಟ್ಟರೆ ಬರುವ ಮೆಕ್ಯಾನಿಕ್‌ನ ಫೋನ್ ನಂಬರು ಗೋಡೆಯ ಮೇಲೆ ಬರೆದಿದೆಯೇ? ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ. ಹಾಗೆಯೇ ತಾರಸಿಗೆ ನೆರಳು ಮಾಡುವ ಕೊಂಬೆ ಇದ್ದರೆ ಮಳೆಗಾಲಕ್ಕೆ ಮೊದಲೇ ಪಂಚಾಯಿತಿಯವರಿಗೆ ಹೇಳಿ ಸವರಿಸಿ.